ಜೋಡಿಗೂಡು

ಶಿಡ್ಲಘಟ್ಟದ ಮಾರುಕಟ್ಟೆಯಿಂದ ಬಂದ ಮೂಟೆ ಸುರಿದುಕೊಂಡು
ಖಮರುನ್ನೀಸಾ ಖಾಲಾ ಕೂತಿದ್ದಾಳೆ.
ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾಳೆ.
ಒಳಗೆ ಹುಳ ಕಟಕಟ ಅಂದರೆ ಒಳ್ಳೆಯದು.
ಸದ್ದಿಲ್ಲವೋ, ಕೊಳೆತು ಅಂಟಿದೆ.

ನನ್ನ ಹತ್ತಿರ ಅಲ್ಲಾಡಿಸಿ ನೋಡಲು ಏನೂ ಇಲ್ಲ.
ಹಾಳೆಯ ಮೇಲೆ ಗಾಮಾ ಕಿರಣಗಳ ಗೆರೆ ಅಷ್ಟೆ.
ಎಲ್ಲಿಯದೋ ಯಂತ್ರದಲ್ಲಿ ಹುಟ್ಟಿ
ಹದಿನೇಳು ಸೆಕೆಂಡಿಗೆ ಅರ್ಧಕ್ಕರ್ಧ ಇಲ್ಲವಾಗುವ
ಕ್ರಿಪ್ಟಾನಿನ ನ್ಯೂಕ್ಲಿಯಸ್ಸು:
ಮೂವತ್ತಾರು ಪ್ರೋಟಾನು, ಮೂವತ್ತಾರೇ ನ್ಯೂಟ್ರಾನು,
ಯಾವ ಕಡೆಗೂ ವಾಲದ ತಕ್ಕಡಿ.

"ಗುಂಡಗಿದೆಯಾ ಅದು?" ಅಂದಳು ಖಾಲಾ.
ಗುಂಡಗಿದ್ದರೆ ತಿರುಗಿದ್ದೇ ತಿಳಿಯದು, ಅಂದೆ.
ಜೋರಾಗಿ ತಿರುಗುವಾಗ ನಿನ್ನ ಗೂಡಿನಂತೆ ಉದ್ದ,
ನಿಂತಾಗ ಚಪ್ಪಟೆ ಅಂತಾರೆ.
"ನಿಂತದ್ದನ್ನ ಯಾರು ನೋಡಿದರು?"
ಹದಿನಾರು ವರ್ಷ ಭೌತಶಾಸ್ತ್ರ ಪಾಠ ಹೇಳಿದ್ದೇನೆ,
ಈ ಪ್ರಶ್ನೆ ಯಾವ ಹುಡುಗಿಯೂ ಕೇಳಿರಲಿಲ್ಲ.

ಒಳಗೆ ಎಲ್ಲವೂ ಜೋಡಿ ಜೋಡಿ, ಎದುರುಬದುರು ಸುತ್ತು.
ವೇಗ ಏರಿದರೆ ಒಂದು ಜೋಡಿ ಕೈಬಿಡುತ್ತದೆ,
ಬಿಟ್ಟವೆರಡೂ ತಿರುಗುವ ಕಡೆಗೇ ಮುಖ ಮಾಡುತ್ತವೆ.
ಆಗ ಓಡುತ್ತಿದ್ದದ್ದು ಸ್ವಲ್ಪ ನಿಧಾನ.
ಗೆರೆ ಹಿಂದಕ್ಕೆ ಬಾಗುತ್ತದೆ,
ಬಸ್ಸು ಹತ್ತಿದವನು ಚೀಲ ಮರೆತು ತಿರುಗಿದ ಹಾಗೆ.

ನೆರೆಮನೆಯ ಕ್ರಿಪ್ಟಾನಿಗೆ ಎರಡೇ ನ್ಯೂಟ್ರಾನು ಹೆಚ್ಚು,
ಅದು ಸಮಯಕ್ಕೆ ಬಾಗಿತು.
ಇದು ಆ ತಿರುವಿಗೆ ಬಂತು, ದಾಟಿತು,
ಬಾಗಲಿಲ್ಲ.
ಇನ್ನೂ ಒಂದು ಮೆಟ್ಟಿಲು.
ಇನ್ನೂ ಇಲ್ಲ.

ಆಕಾರ ಬದಲಾದದ್ದರಿಂದ ಅನ್ನುವವರಿದ್ದಾರೆ.
ಪ್ರೋಟಾನು ನ್ಯೂಟ್ರಾನನ್ನೇ ಹಿಡಿದಿದೆ ಅನ್ನುವವರೂ ಇದ್ದಾರೆ,
ತನ್ನ ಜಾತಿಯ ಜೊತೆ ಬಿಟ್ಟು.
ಜಗಳ ಮುಗಿದಿಲ್ಲ.
ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ "ತಡ ಏಕೆ?" ಎಂದು ಬರೆದು
ಎರಡು ಸಲ ಅಳಿಸಿದ್ದೇನೆ.

ಬೇಸಿನ್ನಿನ ಬಿಸಿನೀರಲ್ಲಿ ಗೂಡುಗಳು ಕುಣಿಯುತ್ತಿವೆ,
ಎಳೆ ಬಿಚ್ಚಿದಂತೆಲ್ಲ ಗಿರ್ರನೆ ಹೊರಳಿ.
ಬೆಂದ ಹುಳದ ವಾಸನೆ ನನ್ನ ದುಪಟ್ಟಾಕ್ಕೂ ಹತ್ತಿದೆ.
ಒಂದು ದಪ್ಪ ಗೂಡನ್ನೆತ್ತಿ ಖಾಲಾ
ಪಕ್ಕದ ಬುಟ್ಟಿಗೆ ಎಸೆದಳು.

"ಡಬಲ್. ಎರಡು ಹುಳ ಸೇರಿ ಕಟ್ಟಿದ್ದು. ನೂಲು ಬರಲ್ಲ, ರೇಟೂ ಇಲ್ಲ."

ಯಾಕೆ ಸೇರಿದವು?

"ಚಂದ್ರಿಕೆಯಲ್ಲಿ ಒಂದೇ ಸಂದಿಯಲ್ಲಿ
ಒಂದೇ ಹೊತ್ತಿಗೆ ಎರಡೂ ಶುರು ಮಾಡಿದ್ದಾವೆ.
ಒಂದು ಮುಂಚೆ, ಒಂದು ಆಮೇಲೆ ಆಗಿದ್ದರೆ
ಎರಡು ಗೂಡಾಗ್ತಿತ್ತು. ಇನ್ನೇನು ಕಾರಣ ಬೇಕು ನಿನಗೆ?"

ಒಂದೇ ಸಂದಿ. ಲೆಕ್ಕ ಸಮ ಇದ್ದಾಗ
ಪ್ರೋಟಾನಿಗೂ ನ್ಯೂಟ್ರಾನಿಗೂ ಸಿಗುವುದು ಅದೇ ಸಂದಿ, ಖಾಲಾ.
ಹೇಳಲಿಲ್ಲ. ಬಾಯ್ಲರು ಸಿಳ್ಳೆ ಹೊಡೆಯುತ್ತಿತ್ತು.

ಬುಟ್ಟಿಯಿಂದ ಅದನ್ನು ತೆಗೆದು ನಾನೇ ನೀರಿಗೆ ಹಾಕಿದೆ.
ಎಳೆ ಸಿಕ್ಕಿತು. ಚರಕ ಸುತ್ತಿತು.
ಮಿಕ್ಕವು ಬಿಚ್ಚಿಕೊಳ್ಳುತ್ತ ತೆಳ್ಳಗಾದವು.
ಇದು ಒಂದು ಸುತ್ತು ಹೊರಳಿ, ತಡವರಿಸಿ,
ನೂಲನ್ನೇ ಎಳೆದು ನಿಲ್ಲಿಸಿತು.
ಟಪ್ಪನೆ ಹರಿದದ್ದು ಗೂಡಲ್ಲ, ಎಳೆ.

"ಹಾಳು ಮಾಡಿದೆ," ಅಂದಳು ಖಾಲಾ,
ತುದಿ ಹುಡುಕಲು ಬೆರಳನ್ನು ಕುದಿನೀರಿಗಿಳಿಸಿ.
ಆ ಬೆರಳುಗಳಿಗೆ ಗೆರೆಗಳೇ ಉಳಿದಿಲ್ಲ.

ಗೂಡು ಈಗ ನನ್ನ ಸೀಮೆಸುಣ್ಣದ ಡಬ್ಬಿಯಲ್ಲಿದೆ.
ಒಣಗಿದೆ. ಕಿವಿಗಿಟ್ಟು ಅಲ್ಲಾಡಿಸಿದರೆ
ಎರಡು ಸದ್ದು.
ಒಂದು ತುಸು ತಡವಾಗಿ.