ಪಿಸ್ತಾ ಸಿಪ್ಪೆಯ ಕವಡೆ

ಒಂಬತ್ತಕ್ಕೇ ಕಿಟಕಿಯ ಷಟರು ಎಳೆದುಬಿಟ್ಟೆವು.
ಇನ್ನು ರಾತ್ರಿಯವರೆಗೆ ರೆನ್‌ಮಾರ್ಕ್ ಎಂಬ ಊರಿಲ್ಲ,
ಮರ್‍ರೇ ನದಿಯಿಲ್ಲ, ಬೀದಿಯ ಕೊನೆಯ ಕಿತ್ತಳೆ ತೋಟವಿಲ್ಲ.
ಇರುವುದು ಇಷ್ಟೇ: ಟೈಲ್ಸಿನ ತಣ್ಣನೆ ನೆಲ,
ಮೂರು ದಿಂಬು, ಒಂದು ಜಗ್ಗು ನೀರು,
ಮತ್ತೆ ರೇಡಿಯೋದವನು
ತಾನೇ ಕಾಯಿಸಿದವನ ಹಾಗೆ
ಹೆಮ್ಮೆಯಿಂದ ಓದಿದ ನಲವತ್ತೈದು.

ನಮ್ಮ ಪ್ಯಾಕಿಂಗ್ ಶೆಡ್ಡಿಗೆ ರಜೆ.
ಇಂಥ ಬಿಸಿಲು ಹಣ್ಣಿಗೂ ಆಗದು, ಆಳಿಗೂ ಆಗದು
ಎಂದ ಯಜಮಾನ.
ಹಣ್ಣನ್ನೇ ಮೊದಲು ಹೇಳಿದ.

ಹತ್ತಕ್ಕೆ ಬಾಗಿಲು ತಟ್ಟಿದಳು ಪಕ್ಕದ ಮನೆಯ ಡೆಸ್ಪಿನಾ.
ಎಂಬತ್ತೊಂದು ವರ್ಷ. ಅವಳ ಕೂಲರು ನಿನ್ನೆ ರಾತ್ರಿ
ಒಮ್ಮೆ ಕೆಮ್ಮಿ ಸತ್ತಿತಂತೆ.
ತಲೆಯ ಮೇಲೆ ಒದ್ದೆ ಟವೆಲು,
ಕಂಕುಳಲ್ಲಿ ಉಣ್ಣೆಯ ಉಂಡೆ,
ಬಿಸ್ಕತ್ತಿನ ಡಬ್ಬಿಯ ತುಂಬ ಪಿಸ್ತಾ.
"ಈ ಉರಿಯಲ್ಲಿ ಉಣ್ಣೆ ಯಾಕಜ್ಜಿ?" ಎಂದಳು ನನ್ನ ಮಗಳು ಸುರಗಿ.
"ಜುಲೈಗೆ ಕಾಲುಚೀಲ. ಚಳಿ ಬಂದಮೇಲೆ ಹೆಣೆಯಲು ಕೂತರೆ
ಕಾಲು ಬೆಚ್ಚಗಾಗುವುದು ಯಾವಾಗ?"

ಸುರಗಿ ಸೀಮೆಸುಣ್ಣ ಹುಡುಕಿ ತಂದಳು.
ನೆಲದ ಮೇಲೆ ಐದೈದಲಿ ಇಪ್ಪತ್ತೈದು ಮನೆ,
ಅದರಲ್ಲಿ ಐದಕ್ಕೆ ಕಟ್ಟೆಯ ಗುರುತು.
ಚೌಕಾಬಾರ ಬಲ್ಲವರಿಗೆ ಹೇಳಬೇಕಿಲ್ಲ,
ಅರಿಯದವರಿಗೆ ಹೇಳಿಕೊಡುವಷ್ಟು ಹೊತ್ತು
ಈ ಸೆಕೆಯಲ್ಲಿ ಧಾರಾಳ.

ಕವಡೆ ಮಾತ್ರ ಇಲ್ಲ.
ಅಮ್ಮ ಕಲ್ಲಿಗೆ ಉಜ್ಜಿ ಕೊಟ್ಟಿದ್ದ ನಾಲ್ಕು ಹುಣಸೆಬೀಜವನ್ನು
ಅಡಿಲೇಡಿನ ವಿಮಾನ ನಿಲ್ದಾಣದಲ್ಲಿ
ಕೈಗವಸಿನ ಹುಡುಗನೊಬ್ಬ ಬೆಳಕಿಗೆ ಹಿಡಿದು ನೋಡಿ
"ಮೊಳೆಯುತ್ತವಾ?" ಎಂದು ಕೇಳಿದ್ದ.
ಇಲ್ಲ, ಎಣಿಸುತ್ತವೆ, ಅಂದೆ.
ಅದೂ ಅಪಾಯವೆನಿಸಿತೋ ಏನೋ,
ಹಳದಿ ತೊಟ್ಟಿಗೆ ಹಾಕಿದ.

ಡೆಸ್ಪಿನಾ ಪಿಸ್ತಾ ಬಿಡಿಸಿ ಬಾಯಿಗೆ ಹಾಕಿಕೊಂಡು
ಸಿಪ್ಪೆ ಬಿಟ್ಟಳು ನೆಲಕ್ಕೆ:
ಒಂದು ಬೋರಲು, ಒಂದು ಅಂಗಾತ.
ನಾವು ತಾಯಿ ಮಗಳು ಒಟ್ಟಿಗೇ ನೋಡಿದೆವು.
"ಇನ್ನೊಂದು ತಿನ್ನಿ ಅಜ್ಜಿ," ಎಂದಳು ಸುರಗಿ, "ನಾಲ್ಕು ಬೇಕು."

ನನಗೆ ಕೋಟಿನ ಗುಂಡಿಗಳು, ಸುರಗಿಗೆ ಬಾಟಲಿಯ ಮುಚ್ಚಳ,
ಡೆಸ್ಪಿನಾಗೆ ಬೆಳಿಗ್ಗೆ ತಿಂದ ಆಪ್ರಿಕಾಟಿನ ಓಟೆ.
ಹೊರಗೆ ಬಿಸಿಗಾಳಿ ಬಂದು
ತಗಡಿನ ಗೇಟು ಅಲ್ಲಾಡಿಸಿ ನೋಡಿ
ಯಾರೂ ಇಲ್ಲವೆಂದುಕೊಂಡು ಹೋಗುತ್ತದೆ.

ಚೌಕ ಬಿತ್ತು. ಬಾರ ಬಿತ್ತು.
ಮೊದಲ ಆಟ ಕಲಿಸಲಿಕ್ಕೆ, ಎರಡನೆಯದು ದಾಕ್ಷಿಣ್ಯಕ್ಕೆ.
ಮೂರನೆಯದರಲ್ಲಿ
ಕಟ್ಟೆಗೆ ಒಂದೇ ಮನೆ ಹಿಂದಿದ್ದ ನನ್ನ ಗುಂಡಿಯನ್ನು
ಹೆಣಿಗೆಯ ಕಡ್ಡಿಯಿಂದ ನೂಕಿ
ಕಡಿದೇಬಿಟ್ಟಳು ಮುದುಕಿ.
"ಹೊಡೆದರೆ ಇನ್ನೊಂದು ಸಲ ಹಾಕಬಹುದಲ್ಲವೆ? ನೀನೇ ಹೇಳಿದ್ದು."

ಸೌತೆಕಾಯಿ ತುರಿದು ಪುದೀನ ಕಿವುಚಿದ ಮೊಸರನ್ನು
ಅವಳು ತಮ್ಮೂರಿನದೆಂದಳು, ನಾನು ನಮ್ಮೂರಿನದೆಂದೆ,
ಅಷ್ಟರಲ್ಲಿ ಸುರಗಿ ಬಟ್ಟಲು ನೆಕ್ಕಿ ಇಟ್ಟಿದ್ದಳು.
ಆಮೇಲೆ ಮೂವರೂ ಅಲ್ಲಲ್ಲೇ ಅಡ್ಡಾದೆವು,
ಎದ್ದಾಗ ಮಗಳ ಬೆನ್ನಿಗೆ
ಒಂದೂವರೆ ಮನೆ ಅಂಟಿಕೊಂಡಿತ್ತು.

ನಾಲ್ಕಕ್ಕೆ ಫೋನು. ಕೂಲರಿನವನು.
ಗಾಡಿ ಇದೇ ಬೀದಿಯಲ್ಲಿದೆಯಂತೆ, ಈಗಲೇ ಬರುತ್ತಾನಂತೆ.
ಡೆಸ್ಪಿನಾ ನೆಲ ನೋಡಿದಳು.
ಮೂರು ಓಟೆ ಒಳಗೆ ಸೇರಿ ಒಂದು ಮಾತ್ರ ಉಳಿದಿತ್ತು.
"ನಾಳಿದ್ದು ಬಾ," ಎಂದಳು ಅವನಿಗೆ ಇಂಗ್ಲಿಷಿನಲ್ಲಿ,
"ನನ್ನದಿನ್ನೂ ಒಂದು ಅಣ್ಣಾಗಬೇಕು."
ಹಕಾರ ನುಂಗಿ,
ಥೇಟ್ ನಮ್ಮ ಮಂಡ್ಯದ ಕಡೆಯವರ ಹಾಗೇ.
ಆ ಕಡೆ ಅವನು ಏನೆಂದು ತಿಳಿದನೋ,
ಬೇಗ ಗುಣವಾಗಲಿ ಎಂದು ಹಾರೈಸಿ ಇಟ್ಟ.

ಒಂಬತ್ತರ ಕತ್ತಲಲ್ಲಿ ಷಟರನ್ನು ಗೇಣಷ್ಟು ಎತ್ತಿದೆವು.
ಊರು ಇತ್ತು, ಇನ್ನೂ ಬಿಸಿಯಾಗಿಯೇ.
ನಾಳೆ ನಲವತ್ತಾರಂತೆ.
ನೆಲ ಒರೆಸಲಿಲ್ಲ.