ಓರೆ ಎತ್ತರ

ಒಂದು ಸಾಲು ಅಂದರೆ ಒಂದು ಸ್ಟೇಷನ್ನಿನ ಒಂದು ಕಾಲ.
ಹೆಸರಿಗೆ ನಾಲ್ಕೇ ಅಕ್ಷರ. ಸಾರಿ-ಬುಲಾಕ್ ಅನ್ನುವ
ಹಳದಿ ಒರತೆಯ ಕಣಿವೆ ಇಲ್ಲಿ ಎಸ್ ಆರ್ ಬಿ ಎಲ್.
ಸ್ವರಗಳನ್ನೆಲ್ಲ ದಾರಿಯಲ್ಲೇ ಉದುರಿಸಿಕೊಂಡು
ಬಿಷ್ಕೆಕ್ಕಿನ ಈ ಮೂರನೇ ಮಹಡಿಗೆ ಬಂದಿದೆ.

ತಿಂಗಳಿಲ್ಲ ಇಲ್ಲಿ, ವಾರವಿಲ್ಲ.
ವರ್ಷ, ದಿನದ ಅಂಕೆ, ಗಂಟೆ, ನಿಮಿಷ,
ಆಮೇಲೆ ಆಂಟೆನಾದ ಎತ್ತರ, ಎತ್ತರ ಅಳೆದ ಬಗೆ,
ರಿಸೀವರು, ಅದರ ನಂಬರು.
ಒಂದು ಅಂಕೆ ಪಕ್ಕದ ಮನೆಗೆ ಸರಿದರೆ
ಪ್ರೋಗ್ರಾಮು ಎಷ್ಟೋ ಸಲ ಬಯ್ಯುವುದೂ ಇಲ್ಲ,
ಸುಳ್ಳನ್ನೇ ಓದಿಕೊಂಡು ಮುಂದೆ ಹೋಗುತ್ತದೆ.
ಅದಕ್ಕೇ ಟ್ಯಾಬ್ ಒತ್ತಬೇಡ, ಅಂದಿದ್ದರು ಮಾಂಬೆತಾಲಿ,
ಸ್ಪೇಸ್ ಒತ್ತು, ಎಣಿಸಿ ಒತ್ತು,
ಕುರಿ ಎಣಿಸಿ ದೊಡ್ಡಿಗೆ ಬಿಡುವ ಹಾಗೆ.

ಚಳಿಗಾಲ. ರೇಡಿಯೇಟರು ಕೆಮ್ಮುತ್ತಿದೆ.
ಪರದೆಯ ಮೇಲೆ ಸಾರಿ-ಬುಲಾಕಿನ ಚುಕ್ಕೆಗಳು
ವರ್ಷದಿಂದ ವರ್ಷಕ್ಕೆ ಒಂದೇ ಸಮ ನಡೆದು
ಒಂದು ಬೇಸಿಗೆಯಲ್ಲಿ ಮಾತ್ರ ಎಡವಿವೆ.
ಬೆಟ್ಟ ಕುಸಿದಿದೆ. ಹನ್ನೆರಡು ಮಿಲಿಮೀಟರು.
ನನ್ನ ಅಂಗಿಯ ಗುಂಡಿಯಷ್ಟು.

ಭೂಕಂಪವೇ? ಪಟ್ಟಿಯಲ್ಲಿಲ್ಲ.
ಅಂತರ್ಜಲವೇ, ಕರಗಿದ ಹಿಮವೇ?
ನಿರ್ದೇಶಕರಿಗಂತೂ ಆಗಲೇ ಲೇಖನದ ವಾಸನೆ ಹತ್ತಿದೆ:
ಹೊಸದೊಂದು ಸ್ತರಭಂಗ ಇರಬಹುದು ಝಿಪಾರ್, ನೋಡು.
ನೋಡಿದೆ. ಮೂರು ದಿನ ಗುಡ್ಡ ಅಗೆದೆ.

ನಾಲ್ಕನೆಯ ದಿನ, ಬೀರುವಿನ ತಳದಲ್ಲಿ,
ಮಾಂಬೆತಾಲಿಯವರ ಪುಸ್ತಕ.
ಹಸಿರು ರಟ್ಟು, ಕುರಿಕೊಬ್ಬಿನ ಕಲೆ, ಪೆನ್ಸಿಲ್ ಬರಹ
(ಶಾಯಿ ಅಲ್ಲಿ ಹೆಪ್ಪುಗಟ್ಟುತ್ತದಲ್ಲ).
ದಿನ ಇನ್ನೂರ ಹದಿಮೂರು. ಎತ್ತರ 1.391, ಕೋಲಿನಿಂದ, ನೇರ.
ಅದರ ಕೆಳಗೆ, ಅಕ್ಷರ ತುಸು ಅವಸರದಲ್ಲಿ:

“ಹದಿನಾಲ್ಕು ಗಂಟೆ ಐದು. ಬುರುಲ್ಕಾನಳ ಬೂದು ಕುದುರೆ
ಮೈ ಉಜ್ಜಿಕೊಳ್ಳಲು ಬಂದು ಮುಕ್ಕಾಲಿ ಕೆಡವಿತು.
ಅಳತೆಗೋಲು ಮುರಿಯಿತು. ಆಂಟೆನಾಗೆ ಏನೂ ಆಗಿಲ್ಲ.
ಹದಿನಾಲ್ಕು ಐವತ್ತಕ್ಕೆ ಮತ್ತೆ ನಿಲ್ಲಿಸಿದೆ.
ಟೇಪಿನ ತುದಿಯನ್ನು ಹಿತ್ತಾಳೆ ಗುರುತಿಗೆ ಅವಳೇ ಒತ್ತಿ ಹಿಡಿದಳು.
ಅಂಚಿನವರೆಗೆ ಓರೆಯಾಗಿ 1.482. ಮೂರು ಸಲ.”

ಬೇಸಿಗೆ ಮುಗಿಯುವ ತನಕ ಅದೇ ನಿಲುವು.
ಕಂಪ್ಯೂಟರಿಗೆ ಏರಿಸಿದವರು ಅಂಕೆ ನೋಡಿದ್ದಾರೆ,
ಓರೆ ನೋಡಿಲ್ಲ.
ಏರಿಸಿದವರ ಸಹಿ, ಕೊನೆಯಲ್ಲಿ, ಚಿಕ್ಕದಾಗಿ: ಝಿ.
ಅದು ನನ್ನ ಮೊದಲ ವರ್ಷ.

ಓರೆಯಾಗಿ ಹೋದದ್ದು ನೇರಕ್ಕಿಂತ ಉದ್ದ,
ಶಾಲೆಯ ಮಕ್ಕಳಿಗೂ ಗೊತ್ತು.
ಹೆಚ್ಚಾದ ಆ ಉದ್ದವನ್ನು ಬೆಟ್ಟದ ತಲೆಗೆ ಕಟ್ಟಿ
ಇಷ್ಟು ವರ್ಷ ನಾನು ನಿಶ್ಚಿಂತೆಯಿಂದ ಚಹಾ ಕುಡಿದೆ.

ನೇರ ಅನ್ನುವ ಐದಕ್ಷರದ ಸಂಕೇತ ಅಳಿಸಿ
ಓರೆ ಅನ್ನುವ ಐದಕ್ಷರ ಬರೆದೆ.
ರಾತ್ರಿಯೆಲ್ಲ ಲೆಕ್ಕ ಓಡಿತು. ಬೆಳಿಗ್ಗೆ ಬೆಟ್ಟ
ತನ್ನ ಜಾಗಕ್ಕೆ ಎದ್ದು ನಿಂತಿತ್ತು.
ಇಲಿ ಸಿಕ್ಕಿತು ಸಾರ್, ಅಂದೆ. ನಿರ್ದೇಶಕರು
ಕನ್ನಡಕ ತೆಗೆದು ಒರೆಸಿದರು, ತುಂಬಾ ಹೊತ್ತು.

ತೋಕ್ಮೋಕಿಗೆ ಫೋನು ಮಾಡಿದೆ. ಮಾಂಬೆತಾಲಿಗೆ ಈಗ ಕಿವಿ ಮಂದ.
ಯಾವ ಕುದುರೆ? ಅಂದರು. ಬುರುಲ್ಕಾನಳದು! ಕೂಗಿದೆ,
ಆಫೀಸಿನವರೆಲ್ಲ ತಿರುಗಿ ನೋಡುವ ಹಾಗೆ.
ಆ ಕಡೆ ಸ್ವಲ್ಪ ಹೊತ್ತು ಬರೀ ಉಸಿರು.
ಆಮೇಲೆ: ಬೂದು ಅಂತ ಬರೆದಿದ್ದೇನಾ?
ತಪ್ಪು. ಕಂದು. ಹಣೆಯಲ್ಲಿ ಬಿಳಿ ಇತ್ತು. ತಿದ್ದಿಕೋ.

ಐದು ಮತ್ತು ಐವತ್ತರ ನಡುವಿನ ನಲವತ್ತೈದು ನಿಮಿಷಕ್ಕೆ
ಈ ಫೈಲಿನಲ್ಲಿ ಕಾಲಮ್ಮಿಲ್ಲ.
ಆದರೆ ಸಾಲಿನ ಮೊದಲಿಗೆ ಒಂದು ನಕ್ಷತ್ರ ಇಟ್ಟರೆ
ಪ್ರೋಗ್ರಾಮು ಆ ಸಾಲನ್ನು ಓದದೆ ದಾಟಿಕೊಳ್ಳುತ್ತದೆ.
ನಕ್ಷತ್ರ ಇಟ್ಟೆ.
ಸ್ಪೇಸ್ ಒತ್ತಿದೆ, ಎಣಿಸಿ.
ಕುದುರೆ, ಅಂತ ಬರೆದೆ. ಕಂದು.