ಕತ್ತು

ಶಿರಾ ಗೇಟಿನ ಹತ್ತಿರ, ಪಂಕ್ಚರ್ ಅಂಗಡಿಯ ಮಹಡಿ ಮೇಲೆ
ಹತ್ತಡಿ ಅಗಲದ ಮಿಷನ್ನು ರಾತ್ರಿಯಿಡೀ ಉಗುಳುತ್ತದೆ
ನಗುವವರನ್ನು.
ಹುಟ್ಟುಹಬ್ಬದ ನಗು, ಗೃಹಪ್ರವೇಶದ ನಗು,
ಯಾವುದೋ ಸಂಘಕ್ಕೆ ಉಪಾಧ್ಯಕ್ಷನಾದ ನಗು.
ಅಡಿಗೆ ಹದಿನಾಲ್ಕು ರೂಪಾಯಿ, ಫ್ರೇಮು ಬೇರೆ.

ನನ್ನ ಕೆಲಸ ತಿದ್ದುವುದು.
ಮೊಡವೆ ಕಿತ್ತು, ಕಣ್ಣ ಕೆಳಗಿನ ಕಪ್ಪು ಒರೆಸಿ,
ಮುಖವನ್ನು ಎರಡು ಸುತ್ತು ಬೆಳ್ಳಗೆ ತೊಳೆಯುತ್ತೇನೆ.
ಆಮೇಲೆ ಚಿನ್ನ.
ಅದಕ್ಕೊಂದು ಫೋಲ್ಡರೇ ಇದೆ ನನ್ನಲ್ಲಿ:
ಹಗ್ಗದಂಥ ಸರ, ಹುಲಿಯುಗುರಿನ ಡಾಲರು, ಕೈಗಡಗ,
ಒಂದು ವಾಚು, ಅದರಲ್ಲಿ ಸದಾ ಹತ್ತು ಗಂಟೆ ಹತ್ತು ನಿಮಿಷ.
ಚಿಕ್ಕಪೇಟೆಯ ಯಾವ ಗಿರವಿ ಅಂಗಡಿಯಲ್ಲೂ
ಇಷ್ಟು ಮಾಲಿಲ್ಲ.

ಮೊದಲ ಸಲ ಬಂದಾಗ ಕೆಂಪರಂಗಣ್ಣನ ಕತ್ತಲ್ಲಿ
ಬರೀ ಒಂದು ಕರಿದಾರ.
ರಿಂಗ್ ರೋಡಿನಾಚೆ ಮೂವತ್ತು ನಲವತ್ತರ ಸೈಟು ತೋರಿಸುವ ಕೆಲಸ,
ಹಳೇ ಕಾರು, ಅದರ ಕಂತು.
"ಎಲ್ರೂ ಆಕ್ಸ್ಕೊಂಡವ್ರೆ, ನಂಗೂ ಒಂದೆಳೆ ಆಕಪ್ಪ" ಅಂದ,
ಕೈಸಾಲ ಕೇಳುವವನ ದನಿಯಲ್ಲಿ.
ಹಾಕಿದೆ.
ದೂರ ನಿಂತು ನೋಡಿದ. ಕಾಲರಿನೊಳಗೆ ಬೆರಳಿಟ್ಟು
ತನ್ನ ಕತ್ತನ್ನು ತಾನೇ ತಡವಿಕೊಂಡ.

ಮರುವರ್ಷ ಎರಡೆಳೆ.
"ಆ ಕಡೆ ಕಂಬದೋನು ನೋಡು, ನಂಗಿಂತ ದಪ್ಪ ಇಲ್ವಾ?
ಆಳಲ್ಲ ಕಣಪ್ಪ, ಸರ."
ಅದರ ಮರುವರ್ಷ ಬಟವಾಡಿಯಿಂದ ಟೌನ್‌ಹಾಲ್‌ವರೆಗೆ
ಕಂಬಕ್ಕೊಬ್ಬ ಕೆಂಪರಂಗಣ್ಣ,
ಹಿಂದೊಂದು ಬಿಳಿ ಕಾರು (ಅದೂ ನನ್ನ ಫೋಲ್ಡರಿನದೇ),
ಕೆಳಗೆ ಅಂಚೆಚೀಟಿ ಗಾತ್ರದ ಹದಿನೇಳು ಹುಡುಗರು,
ತಮ್ಮ ತಲೆಗೆ ತಾವೇ ಮುನ್ನೂರು ಕೊಟ್ಟವರು.
ಮೂರು ದಿನದ ಗಾಳಿಗೆ ಹರಿದು
ಎಲ್ಲರೂ ಕಾರ್ಪೊರೇಷನ್ ಲಾರಿ ಹತ್ತಿದರು.
ಊರು ನಂಬಿತೋ ಇಲ್ಲವೋ ತಿಳಿಯದು.
ಬಡ್ಡಿಗೆ ಕೊಡುವವರು ನಂಬಿದರಂತೆ.

ಮೊನ್ನೆ ಬಂದಾಕೆ ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟಿದ್ದಳು.
ಸಿದ್ಧಗಂಗಮ್ಮ ಅಂತ. ಕೈಯಲ್ಲಿ ಮೊಬೈಲು,
ಅದರಲ್ಲಿ ಕಂಬದ ಮೇಲಿನ ಗಂಡ.
"ತಿಥಿಗೆ ಬೇಕು. ದೊಡ್ಡದೇನೂ ಬ್ಯಾಡ, ಗೋಡೆಗಾಗೋವಷ್ಟು.
ಸರ ತೆಗ್ದಾಕ್ಬುಡಪ್ಪ.
ದಿನಾ ಬಾಗ್ಲಿಗೆ ಬರೋರು ಕೇಳ್ತಾರೆ
ಮೂರೆಳೆ ಎಲ್ಲಿ ಬಚ್ಚಿಟ್ಟಿದ್ದೀಯಾ ಅಂತ.
ಬೀರು ತೆಗ್ದು ತೋರಿಸ್ದೆ, ಅಕ್ಕಿ ಡಬ್ಬ ಸುರಿದು ತೋರಿಸ್ದೆ.
ಕಂಬದ ಮ್ಯಾಲೆ ನಾವೇ ನೋಡಿದೀವಲ್ಲಮ್ಮ, ಅಂತಾರೆ."

ಹುಡುಕಿದೆ. ಹಳೆಯ ಡಿಸ್ಕು, ಅದಕ್ಕೂ ಹಳೆಯ ಡಿಸ್ಕು.
ಇದ್ದದ್ದೆಲ್ಲ ಸರದ ಮೇಲೆ ಸರ ಹಾಕಿ ಸೇವ್ ಮಾಡಿದ್ದು.
ಒಂದೆಳೆ ಕಿತ್ತರೆ ಕೆಳಗೆ ಇನ್ನೊಂದರ ನೆರಳು,
ಅದನ್ನೂ ಅಳಿಸಿದರೆ ಬೂದು ಬಿಳಿ ಚೌಕಳಿ:
ಕಂಪ್ಯೂಟರು ಏನೂ ಇಲ್ಲ ಅನ್ನುವುದು ಹಾಗೆ.
ಬೇರೆ ಫೋಟೋ ಇಲ್ಲವೇ ಅಂದೆ.
"ಮದ್ವೇದು ಐತೆ. ಅದ್ರಲ್ಲಿ ಕತ್ತು ತುಂಬ ಹಾರ."

ಹೆಂಗಿತ್ತಮ್ಮ ಅವರ ಕತ್ತು?
ಫ್ಲೆಕ್ಸಿನ ಸುರುಳಿ ಮೇಲೆ ಕೂತು ಯೋಚಿಸಿದಳು.
"ಎಡಗಡೆ ಒಂದು ಮಚ್ಚೆ.
ಸೈಟು ತೋರ್ಸಿ ತೋರ್ಸಿ ಬಿಸಿಲಿಗೆ ಗೆರೆ ಬಿದ್ದಿತ್ತು,
ಮೇಲೆ ಕರ್ರಗೆ, ಅಂಗಿಯೊಳಗೆ ಒಂಚೂರು ಬೆಳ್ಳಗೆ."

ಹಿಂದಿನ ಕೋಣೆಯಲ್ಲಿ ಗುಂಡಿ ಬಿಚ್ಚಿ
ನನ್ನ ಕತ್ತಿನ ಫೋಟೋ ತೆಗೆದೆ.
ಟ್ಯೂಬ್‌ಲೈಟಿನಡಿ ಕೂತವನ ಚರ್ಮ, ಬಿಳಿಚಿತ್ತು.
ಕರ್ರಗೆ ಮಾಡಿದೆ.
ಇಷ್ಟು ವರ್ಷದಲ್ಲಿ ಒಬ್ಬನನ್ನು ಕರ್ರಗೆ ಮಾಡಿದ್ದು
ಇದೇ ಮೊದಲು.
ಮಚ್ಚೆ ಇಟ್ಟೆ. "ಇನ್ನೊಂಚೂರು ಮೇಲೆ" ಅಂದಳು,
ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು,
ಬೆರಳನ್ನು ಕೂಡಲೇ ತೆಗೆಯಲಿಲ್ಲ.

ಎಷ್ಟಾಯ್ತು ಅಂದಳು.
ಡೈರಿಯಲ್ಲಿ ಕೆಂಪರಂಗಣ್ಣನ ಹೆಸರಿಗೆ ನಾಲ್ಕು ಸಾವಿರದ ಇನ್ನೂರು
ಬಾಕಿಯಿತ್ತು. ನೂರಿಪ್ಪತ್ತು ಕೊಡಿ ಅಂದೆ.
ಸೆರಗಿನ ಗಂಟು ಬಿಚ್ಚಿ ಎಣಿಸಿದಳು.

ಮೆಟ್ಟಿಲಿಳಿದು ಹೋದಮೇಲೆ ಹೊಳೆಯಿತು:
ತಿಥಿಯ ದಿನ ಫೋಟೋಗೆ ಹಾರ ಹಾಕುತ್ತಾರೆ,
ಕತ್ತು ಹೇಗೂ ಮುಚ್ಚಿಹೋಗುತ್ತದೆ.
ಅದು ಅವಳಿಗೆ ಗೊತ್ತಿರಲಿಲ್ಲವೇ.